ಮೇರಿಯ ತವರು ಯಾವುದು?

ಪ್ರಶ್ನೆ: ನನ್ನ ಸೊಸೆ ಇಂಗ್ಲೆಂಡಿನವಳು. ಮೊಮ್ಮಗಳಿಗಾಗಿ ಎರಡೂ ಕಡೆಯ ವಂಶಾವಳಿಯನ್ನು ಬರೆದಿಡುತ್ತಿದ್ದೇನೆ. ಸೊಸೆಯ ಕಡೆಯಲ್ಲಿ ಲ್ಯಾಂಕಾಶೈರ್‌ನ ಬರ್ನ್‌ಲಿ ಊರಿನ ಒಬ್ಬ ಹತ್ತಿ ನೇಕಾರ ಮತ್ತು ಅವನ ಹೆಂಡತಿ ಮೇರಿಯವರೆಗೆ ಬಂದಿದ್ದೇನೆ. ಗಂಡನ ಮನೆತನ ಇನ್ನೂ ಮೂರು ತಲೆಮಾರು ಹಿಂದಕ್ಕೆ ಸಿಕ್ಕಿದೆ. ಮೇರಿ ಯಾರ ಮಗಳೆಂಬುದು ಮಾತ್ರ ತಿಳಿಯುತ್ತಿಲ್ಲ. ಅವರ ಐವರು ಮಕ್ಕಳಿಗೆ 1834, 1836, 1840, 1843 ಮತ್ತು 1847ರಲ್ಲಿ ದೀಕ್ಷಾಸ್ನಾನವಾಗಿದೆ. ಬರ್ನ್‌ಲಿಯ ಚರ್ಚಿನಲ್ಲಿ ಇವರ ಮದುವೆಯ ದಾಖಲೆ ಸಿಗಲಿಲ್ಲ. 1841ರ ಜನಗಣತಿಯಲ್ಲಿ ಮೇರಿಯ ವಯಸ್ಸು 30, ಈ ಕೌಂಟಿಯಲ್ಲಿ ಹುಟ್ಟಿದವಳಲ್ಲ ಎಂದಿದೆ. 1851ರಲ್ಲಿ ವಯಸ್ಸು 40, ಹುಟ್ಟಿದ್ದು ಯಾರ್ಕ್‌ಶೈರ್‌ನ ಥಾರ್ನ್‌ಟನ್. 1861ರಲ್ಲಿ ವಯಸ್ಸು 49, ಹುಟ್ಟಿದ್ದು ಸ್ಕಿಪ್ಟನ್. 1868ರಲ್ಲಿ ತೀರಿಕೊಂಡಳು, ಮರಣ ಪ್ರಮಾಣಪತ್ರದಲ್ಲಿ ತಂದೆತಾಯಿಯ ಹೆಸರಿಲ್ಲ. ಯಾರೋ ಅಂತರ್ಜಾಲದಲ್ಲಿ ಹಾಕಿರುವ ವಂಶವೃಕ್ಷವೊಂದು, ಬ್ರಾಡ್‌ಫರ್ಡ್ ಹತ್ತಿರದ ಥಾರ್ನ್‌ಟನ್‌ನಲ್ಲಿ 1811ರಲ್ಲಿ ದೀಕ್ಷಾಸ್ನಾನ ಪಡೆದ ಒಬ್ಬ ಮೇರಿಯೇ ಈಕೆ ಎನ್ನುತ್ತದೆ. ಅದನ್ನು ಒಪ್ಪಬಹುದೆ? ಇಲ್ಲವಾದರೆ ಮುಂದೆ ಏನು ಮಾಡಬೇಕು?

ಉತ್ತರ: ಒಪ್ಪಬೇಡಿ, ಕನಿಷ್ಠ ಈಗಲೇ ಒಪ್ಪಬೇಡಿ. ಆ ಮೇರಿ ನಿಮ್ಮ ಮೇರಿ ಅಲ್ಲವೆಂದು ನಾನು ಹೇಳುತ್ತಿಲ್ಲ. ಹೌದೆನ್ನಲು ಬೇಕಾದ ಎರಡು ಸಂಗತಿಗಳು ಇನ್ನೂ ಇತ್ಯರ್ಥವಾಗಿಲ್ಲ ಎನ್ನುತ್ತಿದ್ದೇನೆ. ಮೊದಲನೆಯದು, 1834ರ ಮಗುವಿನ ತಾಯಿಯೂ 1868ರಲ್ಲಿ ತೀರಿಕೊಂಡವಳೂ ಒಬ್ಬಳೇ ಹೌದೆ ಎಂಬುದು. ಎರಡನೆಯದು, ಮದುವೆಗೆ ಮುಂಚೆ ಆಕೆಯ ಮನೆತನದ ಹೆಸರೇನಾಗಿತ್ತು ಎಂಬುದು. ಇವೆರಡನ್ನೂ ಬಿಟ್ಟು ನೇರವಾಗಿ ದೀಕ್ಷಾಸ್ನಾನದ ಪುಸ್ತಕಕ್ಕೆ ಹೋದರೆ, ಹತ್ತೊಂಬತ್ತನೇ ಶತಮಾನದ ಉತ್ತರ ಇಂಗ್ಲೆಂಡಿನಲ್ಲಿ ಅತಿ ಸಾಮಾನ್ಯವಾಗಿದ್ದ ಹೆಸರೊಂದನ್ನು ಹಿಡಿದುಕೊಂಡು, ವಯಸ್ಸು ಹೊಂದುವ ಮೊದಲ ಮಗುವಿಗೆ ಅದನ್ನು ಅಂಟಿಸಿದಂತಾಗುತ್ತದೆ. ಅಂತರ್ಜಾಲದ ವೃಕ್ಷಗಳಲ್ಲಿ ಹೆಂಗಸರ ತವರು ತಪ್ಪಾಗಿರುವುದು ಹೆಚ್ಚಾಗಿ ಹೀಗೆಯೇ.

ಮೊದಲ ಸಂಗತಿಯನ್ನು ನೋಡೋಣ. ನೀವು ಕೊಟ್ಟ ಮಕ್ಕಳ ವರ್ಷಗಳಲ್ಲಿ 1836 ಮತ್ತು 1840ರ ನಡುವೆ ನಾಲ್ಕು ವರ್ಷಗಳ ಅಂತರವಿದೆ. ನಡುವೆ ಒಂದು ಮಗು ಹುಟ್ಟಿ ತೀರಿಕೊಂಡಿರಬಹುದು, ಅಥವಾ ಅಂತರಕ್ಕೆ ವಿಶೇಷ ಕಾರಣವೇ ಇಲ್ಲದಿರಬಹುದು. ಆದರೆ ಮೊದಲ ಹೆಂಡತಿ ಮೇರಿ ತೀರಿಕೊಂಡು, ನೇಕಾರ ಮತ್ತೊಬ್ಬ ಮೇರಿಯನ್ನು ಮದುವೆಯಾಗಿದ್ದರೂ ನಿಮ್ಮ ಕೈಯಲ್ಲಿರುವ ದಾಖಲೆಗಳು ಈಗ ಇರುವಂತೆಯೇ ಇರುತ್ತಿದ್ದವು. ಏಕೆಂದರೆ 1813ರಿಂದ ಇಂಗ್ಲೆಂಡಿನ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ) ಚರ್ಚುಗಳಲ್ಲಿ ಬಳಕೆಗೆ ಬಂದ ಅಚ್ಚಾದ ದೀಕ್ಷಾಸ್ನಾನದ ಪುಸ್ತಕದಲ್ಲಿ ದಿನಾಂಕ, ಮಗುವಿನ ಹೆಸರು, ತಂದೆತಾಯಿಯ ಹೆಸರು, ವಾಸಸ್ಥಳ, ತಂದೆಯ ಕಸುಬು, ಪಾದ್ರಿಯ ಸಹಿ ಇಷ್ಟಕ್ಕೇ ಅಂಕಣಗಳಿದ್ದವು. ತಾಯಿಯ ತವರಿನ ಹೆಸರನ್ನು ಆ ನಮೂನೆ ಕೇಳುತ್ತಿರಲಿಲ್ಲ. ಹಾಗಾಗಿ 1836ರಲ್ಲೂ 1840ರಲ್ಲೂ ತಾಯಿಯ ಜಾಗದಲ್ಲಿ ‘ಮೇರಿ’ ಎಂದಷ್ಟೇ ಬರೆದಿದ್ದರೆ, ಅವರಿಬ್ಬರೂ ಒಬ್ಬಳೇ ಎಂಬುದಕ್ಕೆ ಅದು ಸಾಕ್ಷ್ಯವಾಗುವುದಿಲ್ಲ. 1836ರಿಂದ 1840ರವರೆಗಿನ ಬರ್ನ್‌ಲಿಯ ಸಮಾಧಿ ದಾಖಲೆಗಳಲ್ಲಿಯೂ ಮರಣ ಸೂಚಿಯಲ್ಲಿಯೂ ಇದೇ ಮನೆತನದ ಹೆಸರಿನ ಪ್ರಾಯದ ಮೇರಿಯೊಬ್ಬಳು ಇದ್ದಾಳೆಯೇ ಎಂದು ನೋಡಿ. ಅದೇ ಅವಧಿಯಲ್ಲಿ ಗಂಡನ ಹೆಸರಿನಲ್ಲಿ ಮದುವೆಯೊಂದು ದಾಖಲಾಗಿದ್ದು, ಅವನನ್ನು ವಿಧುರ ಎಂದು ಬರೆದಿದ್ದರೆ ವಿಷಯ ಅಲ್ಲಿಗೇ ಸ್ಪಷ್ಟವಾಗುತ್ತದೆ.

ಇನ್ನು ಮನೆತನದ ಹೆಸರು. ಇದರಲ್ಲಿ ನಿಮ್ಮ ಅದೃಷ್ಟ ಚೆನ್ನಾಗಿದೆ, ಆದರೆ ನೀವು ಅದನ್ನು ಬಳಸಿಕೊಂಡಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರಿ ಜನನ, ಮರಣ, ವಿವಾಹ ನೋಂದಣಿ ಆರಂಭವಾದದ್ದು 1837ರ ಜುಲೈ 1ರಂದು. ನಿಮ್ಮ ಐವರು ಮಕ್ಕಳಲ್ಲಿ ಕೊನೆಯ ಮೂವರು ಅದರ ನಂತರ ಹುಟ್ಟಿದವರೆಂದು ಕಾಣುತ್ತದೆ. ಚರ್ಚಿನ ದೀಕ್ಷಾಸ್ನಾನ ದಾಖಲೆ ಹೇಳದೆ ಬಿಟ್ಟದ್ದನ್ನು ಸರ್ಕಾರಿ ಜನನ ದಾಖಲೆ ಹೇಳುತ್ತದೆ: ತಾಯಿಯ ಅಂಕಣದಲ್ಲಿ ಆಕೆಯ ಆಗಿನ ಹೆಸರಿನ ಮುಂದೆ ‘ಫಾರ್ಮರ್ಲಿ’ (ಮೊದಲು) ಎಂದು ಬರೆದು ತವರಿನ ಹೆಸರನ್ನು ನಮೂದಿಸುತ್ತಿದ್ದರು. ಆಕೆ ಮೊದಲೊಮ್ಮೆ ಮದುವೆಯಾಗಿ ವಿಧವೆಯಾಗಿದ್ದವಳಾದರೆ ‘ಲೇಟ್’ (ಈಚಿನವರೆಗೆ) ಎಂದು ಮೊದಲ ಗಂಡನ ಮನೆತನದ ಹೆಸರು, ಅನಂತರ ‘ಫಾರ್ಮರ್ಲಿ’ ಎಂದು ತವರಿನ ಹೆಸರು, ಹೀಗೆ ಎರಡೂ ಇರುತ್ತವೆ. ಈ ‘ಲೇಟ್’ ಎಂಬ ಒಂದು ಪದವನ್ನು ಗಮನಿಸದೆ ವರ್ಷಗಟ್ಟಲೆ ತವರಿನ ಹೆಸರಿನಲ್ಲೇ ಮದುವೆಯನ್ನು ಹುಡುಕಿದವರಿದ್ದಾರೆ. ಎರಡನೇ ಮದುವೆ ದಾಖಲಾಗಿರುವುದು ಮೊದಲ ಗಂಡನ ಹೆಸರಿನಡಿಯಲ್ಲಿ ಎಂಬುದು ಅವರಿಗೆ ಹೊಳೆದಿರುವುದಿಲ್ಲ.

ನೋಂದಣಿ ಇಲಾಖೆಯ ಸ್ವಂತ ಅಂತರ್ಜಾಲ ಸೂಚಿಯಲ್ಲಿ ಈಗ 1837ರಿಂದಲೇ ತಾಯಿಯ ತವರಿನ ಹೆಸರನ್ನು ಸೇರಿಸಿದ್ದಾರೆ. ಹಳೆಯ ತ್ರೈಮಾಸಿಕ ಸೂಚಿಯಲ್ಲಿ, ಅಂದರೆ ಬಹಳಷ್ಟು ಜಾಲತಾಣಗಳು ನಕಲು ಮಾಡಿಕೊಂಡಿರುವ ಸೂಚಿಯಲ್ಲಿ, ಅದು 1911ರ ಸೆಪ್ಟೆಂಬರ್ ತ್ರೈಮಾಸಿಕದಿಂದ ಮಾತ್ರ ಇದೆ. ನೀವು ಹಳೆಯ ಸೂಚಿಯನ್ನಷ್ಟೇ ನೋಡಿ ಕೈಬಿಟ್ಟಿರುವ ಸಾಧ್ಯತೆ ಹೆಚ್ಚು. ಹೊಸ ಸೂಚಿಯಲ್ಲಿ ಬರ್ನ್‌ಲಿ ನೋಂದಣಿ ಜಿಲ್ಲೆ, ಗಂಡನ ಮನೆತನದ ಹೆಸರು ಮತ್ತು 1838ರಿಂದ 1850ರವರೆಗಿನ ವರ್ಷಗಳನ್ನು ಕೊಟ್ಟು ಹುಡುಕಿ. ನಿಮಗೆ ತಿಳಿಯದಿದ್ದ, ಎಳೆಯದರಲ್ಲೇ ತೀರಿಕೊಂಡ ಮಕ್ಕಳೂ ಕಾಣಿಸಿಕೊಳ್ಳಬಹುದು. ಸೂಚಿಯಲ್ಲಿ ತಾಯಿಯ ಹೆಸರಿನ ಜಾಗ ಖಾಲಿ ಇದ್ದರೆ, ಸಾಮಾನ್ಯವಾಗಿ ಆ ಮಗು ಅವಿವಾಹಿತ ತಾಯಿಗೆ ಹುಟ್ಟಿದ್ದೆಂದು ಅರ್ಥ. ಇನ್ನೊಂದು ಮಾತು: 1874ರ ಕಾಯ್ದೆ ಬಂದು ತಂದೆತಾಯಿಯೇ ಜನನವನ್ನು ತಿಳಿಸಬೇಕೆಂಬ ನಿಯಮ ಬಿಗಿಯಾಗುವವರೆಗೆ, ಅದರಲ್ಲೂ ಮೊದಮೊದಲ ವರ್ಷಗಳಲ್ಲಿ, ನೋಂದಣಿಯಾಗದೇ ಉಳಿದ ಮಕ್ಕಳು ಕಡಿಮೆಯೇನಲ್ಲ. ಮೂವರಲ್ಲಿ ಒಬ್ಬರ ದಾಖಲೆ ಸಿಗದಿದ್ದರೆ ಗಾಬರಿಯಾಗಬೇಡಿ.

ಒಂದೇ ಮಗುವಿನ ಪ್ರತಿಯನ್ನು ತರಿಸಿ ತೃಪ್ತರಾಗುವುದು ಸರಿಯಲ್ಲ. ಸಿಕ್ಕ ಎಲ್ಲ ಮಕ್ಕಳ ದಾಖಲೆಗಳನ್ನೂ ತರಿಸಿ. ಇಷ್ಟು ಹಳೆಯ ಜನನಗಳ ಡಿಜಿಟಲ್ ಪ್ರತಿ ಪೂರ್ಣ ಪ್ರಮಾಣಪತ್ರಕ್ಕಿಂತ ಅಗ್ಗವಾಗಿ ಸಿಗುತ್ತದೆ. ಮೂರರಲ್ಲೂ ಒಂದೇ ಹೆಸರಿದ್ದರೆ ಅದು ಗಟ್ಟಿಯಾಯಿತು. ಒಂದರಲ್ಲಿ ಒಂದು, ಇನ್ನೊಂದರಲ್ಲಿ ಮತ್ತೊಂದು ಹೆಸರಿದ್ದರೆ ಅದನ್ನು ಗುಮಾಸ್ತನ ಕೈತಪ್ಪೆಂದು ತಳ್ಳಿಹಾಕುವ ಮುಂಚೆ ಮೂರು ಸಾಧ್ಯತೆಗಳನ್ನು ಪರಿಶೀಲಿಸಿ: ಇಬ್ಬರು ಹೆಂಡತಿಯರಿದ್ದರೆ? ಮೇರಿ ತನ್ನ ತಂದೆತಾಯಿಯ ಮದುವೆಗೆ ಮುಂಚೆ ಹುಟ್ಟಿದವಳಾಗಿ, ಒಮ್ಮೆ ತಾಯಿಯ ಹೆಸರನ್ನೂ ಒಮ್ಮೆ ತಂದೆಯ ಹೆಸರನ್ನೂ ಬಳಸುತ್ತಿದ್ದಳೆ? ಅಥವಾ ಮಲತಂದೆಯ ಹೆಸರಿನಲ್ಲಿ ಬೆಳೆದವಳೆ?

ಕುಟುಂಬ ರೋಮನ್ ಕ್ಯಾಥೊಲಿಕ್ ಪಂಥದ್ದಾಗಿದ್ದರೆ, ಅಥವಾ ಬ್ಯಾಪ್ಟಿಸ್ಟ್, ಇಂಡಿಪೆಂಡೆಂಟ್ ಮುಂತಾಗಿ ಇಂಗ್ಲೆಂಡಿನ ಅಧಿಕೃತ ಆಂಗ್ಲಿಕನ್ ಚರ್ಚಿನಿಂದ ಬೇರೆ ನಿಂತ ಪ್ರತ್ಯೇಕ ಸಭೆಗಳಿಗೆ ಸೇರಿದ್ದರೆ, ಮೊದಲ ಇಬ್ಬರು ಮಕ್ಕಳ ವಿಷಯದಲ್ಲಿಯೂ ಆಶಾದಾಯಕ ದಾರಿಯೊಂದಿದೆ. ಆ ಸಭೆಗಳ ಪುಸ್ತಕಗಳಲ್ಲಿ ತಾಯಿಯ ತವರಿನ ಹೆಸರು ಹಲವೆಡೆ ಇರುತ್ತದೆ. ಕ್ಯಾಥೊಲಿಕ್ ಪುಸ್ತಕಗಳಲ್ಲಿ ಜೊತೆಗೆ ಧರ್ಮಪಿತೃ, ಧರ್ಮಮಾತೆಯರ ಹೆಸರೂ ಇರುತ್ತದೆ. ಹಾಗೆ ನಿಂತವರಲ್ಲಿ ತಾಯಿಯ ಒಡಹುಟ್ಟಿದವರು ಇರುವುದು ಸಾಮಾನ್ಯ. ಪ್ರತ್ಯೇಕ ಸಭೆಗಳು ಸರ್ಕಾರಕ್ಕೆ ಒಪ್ಪಿಸಿದ ಹಳೆಯ ಪುಸ್ತಕಗಳು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ.

ಹೆಸರು ಕೈಗೆ ಬಂದ ಮೇಲೆ ಮದುವೆಯನ್ನು ಹುಡುಕಿ. ಬರ್ನ್‌ಲಿಯಲ್ಲಿ ಸಿಗದಿರುವುದರಲ್ಲಿ ಆಶ್ಚರ್ಯವೇನಿಲ್ಲ. ಹೆಣ್ಣಿನ ಪ್ಯಾರಿಷ್‌ನಲ್ಲಿ ಮದುವೆ ನಡೆಯುವುದೇ ವಾಡಿಕೆಯಾಗಿತ್ತು, ಮೇರಿಯಾದರೋ ಯಾರ್ಕ್‌ಶೈರ್‌ನವಳು. 1754ರ ಮಾರ್ಚ್ 25ರಿಂದ ಜಾರಿಯಲ್ಲಿದ್ದ ಹಾರ್ಡ್‌ವಿಕ್ ಕಾಯ್ದೆಯ ಪ್ರಕಾರ, ಕ್ವೇಕರ್ ಎಂಬ ಕ್ರೈಸ್ತ ಪಂಥದವರು ಮತ್ತು ಯಹೂದಿಗಳನ್ನು ಬಿಟ್ಟು ಎಲ್ಲರೂ ಆಂಗ್ಲಿಕನ್ ಚರ್ಚಿನಲ್ಲೇ ಮದುವೆಯಾಗಬೇಕಿತ್ತು. ಆದ್ದರಿಂದ ಮೇರಿ ಕ್ಯಾಥೊಲಿಕ್ ಆಗಿದ್ದರೂ 1837ಕ್ಕೆ ಮುಂಚಿನ ಆಕೆಯ ಮದುವೆಯನ್ನು ಆಂಗ್ಲಿಕನ್ ಪುಸ್ತಕದಲ್ಲೇ ಹುಡುಕಬೇಕು. ಆ ಪುಸ್ತಕದಲ್ಲಿ ವಧೂವರರ ತಂದೆಯ ಹೆಸರಿರುವುದಿಲ್ಲ. ಅದು ಬಂದದ್ದು 1837ರ ಜುಲೈನಿಂದ. (ತಾಯಂದಿರ ಹೆಸರು ಇಂಗ್ಲೆಂಡಿನ ವಿವಾಹ ದಾಖಲೆಗೆ ಸೇರಿದ್ದು 2021ರ ಮೇ 4ರಂದು ಎಂಬುದನ್ನು ಓದಿದರೆ, ನಿಮ್ಮ ಕಷ್ಟ ನಿಮ್ಮೊಬ್ಬರದೇ ಅಲ್ಲವೆಂದು ತಿಳಿದೀತು.) ಆದರೆ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಅಥವಾ ಗುರುತು ಇದ್ದೇ ಇರುತ್ತದೆ. ಆ ಹೆಸರುಗಳನ್ನು ಬರೆದಿಟ್ಟುಕೊಂಡು, ಅದೇ ಪುಸ್ತಕದ ಹಿಂದಿನ ಮುಂದಿನ ನಾಲ್ಕಾರು ಮದುವೆಗಳನ್ನು ನೋಡಿ. ಒಂದೇ ಹೆಸರು ಎಲ್ಲೆಡೆಯೂ ಇದ್ದರೆ ಅವನು ಚರ್ಚಿನ ಗುಮಾಸ್ತ. ಅವನಿಂದ ನಮಗೆ ಪ್ರಯೋಜನವಿಲ್ಲ. ಈ ಒಂದು ಮದುವೆಯಲ್ಲಿ ಮಾತ್ರ ಬಂದ ಸಾಕ್ಷಿ, ಅದರಲ್ಲೂ ಮೇರಿಯದೇ ಮನೆತನದ ಹೆಸರಿನವನು, ಅಣ್ಣನೋ ತಮ್ಮನೋ ಅಪ್ಪನೋ ಆಗಿರಬಹುದು.

ಮದುವೆಯ ಪುಸ್ತಕದಲ್ಲಿ ‘ಈ ಪ್ಯಾರಿಷ್‌ನವಳು’ ಎಂದು ಬರೆದಿದ್ದರೆ, ಆ ಹೊತ್ತಿಗೆ ಅಲ್ಲಿ ವಾಸವಾಗಿದ್ದಳು ಎಂದಷ್ಟೇ ಅರ್ಥ. ಮನೆಗೆಲಸಕ್ಕೆಂದು ಬಂದ ಹುಡುಗಿಗೂ ಅದನ್ನೇ ಬರೆಯುತ್ತಿದ್ದರು. ಪರವಾನಗಿ ಪಡೆಯದ ಮದುವೆಗಳಲ್ಲಿ ಮೂರು ಭಾನುವಾರ ಚರ್ಚಿನಲ್ಲಿ ಬ್ಯಾನ್ಸ್, ಅಂದರೆ ಮದುವೆಯ ಬಹಿರಂಗ ಘೋಷಣೆ, ಓದಬೇಕಿತ್ತು. ಇಬ್ಬರೂ ಬೇರೆ ಬೇರೆ ಪ್ಯಾರಿಷ್‌ನವರಾದರೆ ಎರಡೂ ಕಡೆ ಓದುತ್ತಿದ್ದರು. ಹಾಗಾಗಿ ಮದುವೆ ಎಲ್ಲಿ ನಡೆಯಿತೆಂದು ತಿಳಿಯದಿದ್ದರೂ ಬರ್ನ್‌ಲಿಯ ಬ್ಯಾನ್ಸ್ ಪುಸ್ತಕ ಉಳಿದಿದ್ದರೆ, ವರನ ಹೆಸರಿನ ಜೊತೆ ವಧುವಿನ ಹೆಸರೂ ಆಕೆಯ ಪ್ಯಾರಿಷ್ಷೂ ಅಲ್ಲಿ ಸಿಕ್ಕೀತು. ನಿಮ್ಮ ಪತ್ರದಲ್ಲಿ ಈ ಪುಸ್ತಕದ ಉಲ್ಲೇಖವಿಲ್ಲ. ನಾನಾಗಿದ್ದರೆ ಜನನ ದಾಖಲೆಗಳ ನಂತರ ಮೊದಲು ನೋಡುತ್ತಿದ್ದದ್ದು ಇದನ್ನೇ. ಮದುವೆ ಪರವಾನಗಿಯ ಮೂಲಕ ನಡೆದಿದ್ದರೆ ಅರ್ಜಿಯ ಜೊತೆಗಿನ ಪ್ರಮಾಣ ಹೇಳಿಕೆ ಉಳಿದಿರಬಹುದು. ವಧು 21ಕ್ಕಿಂತ ಚಿಕ್ಕವಳಾಗಿದ್ದರೆ ಒಪ್ಪಿಗೆ ಕೊಟ್ಟ ಹಿರಿಯರ ಹೆಸರೂ ಅದರಲ್ಲಿರುತ್ತದೆ. ಲ್ಯಾಂಕಾಶೈರ್ ಆನ್‌ಲೈನ್ ಪ್ಯಾರಿಷ್ ಕ್ಲರ್ಕ್ಸ್ ಎಂಬ ಸ್ವಯಂಸೇವಕರ ಯೋಜನೆಯ ನಕಲುಗಳನ್ನು ಉಚಿತವಾಗಿ ನೋಡಬಹುದು. ಅಲ್ಲಿ ಬರ್ನ್‌ಲಿಯ ನೆರೆಯ ಕೋಲ್ನ್ ಮತ್ತು ವಾಲಿ ಪ್ಯಾರಿಷ್‌ಗಳನ್ನೂ ಶೋಧಿಸಿ, ಅನಂತರ ಗಡಿಯಾಚೆಯ ಯಾರ್ಕ್‌ಶೈರ್‌ನ ಊರುಗಳಿಗೆ ಹೋಗಿ.

ಈಗ ಹುಟ್ಟೂರಿನ ಗೊಂದಲಕ್ಕೆ ಬರೋಣ. ಯಾರ್ಕ್‌ಶೈರ್‌ನಲ್ಲಿ ಥಾರ್ನ್‌ಟನ್ ಎಂಬ ಊರು ಒಂದಲ್ಲ. ಬ್ರಾಡ್‌ಫರ್ಡ್ ಬಳಿಯ ಥಾರ್ನ್‌ಟನ್ ಎಲ್ಲರಿಗೂ ಗೊತ್ತು, ಏಕೆಂದರೆ ಕಾದಂಬರಿಕಾರ್ತಿಯರಾದ ಬ್ರಾಂಟಿ ಸೋದರಿಯರು ಹುಟ್ಟಿದ್ದು ಅಲ್ಲಿ. ವೃಕ್ಷ ಬರೆದವರು ಅದನ್ನೇ ಆರಿಸಿಕೊಳ್ಳಲು ಆ ಖ್ಯಾತಿಯೂ ಕಾರಣವಿರಬಹುದು. ಆದರೆ ಸ್ಕಿಪ್ಟನ್‌ಗೂ ಕೋಲ್ನ್‌ಗೂ ನಡುವೆ ಥಾರ್ನ್‌ಟನ್-ಇನ್-ಕ್ರೇವನ್ ಎಂಬ ಹಳ್ಳಿಯಿದೆ, ವಾಯವ್ಯಕ್ಕೆ ಇಂಗಲ್‌ಟನ್ ಹತ್ತಿರ ಥಾರ್ನ್‌ಟನ್-ಇನ್-ಲಾನ್ಸ್‌ಡೇಲ್ ಎಂಬ ಮತ್ತೊಂದಿದೆ. 1851ರ ‘ಥಾರ್ನ್‌ಟನ್’ ಮತ್ತು 1861ರ ‘ಸ್ಕಿಪ್ಟನ್’ ಒಂದನ್ನೊಂದು ಅಲ್ಲಗಳೆಯುತ್ತವೆಂದು ನೀವು ಭಾವಿಸಿದ್ದೀರಿ. ನನಗೆ ಅವೆರಡೂ ಒಟ್ಟಾಗಿ ಕ್ರೇವನ್‌ನ ಥಾರ್ನ್‌ಟನ್ ಕಡೆಗೇ ಬೆರಳು ತೋರಿಸುವಂತೆ ಕಾಣುತ್ತವೆ. ಸ್ಕಿಪ್ಟನ್ ಆ ಸೀಮೆಯ ಸಂತೆಯ ಪಟ್ಟಣ. ಬರ್ನ್‌ಲಿಯಲ್ಲಿ ಕುಳಿತು ಗಣತಿಯವನಿಗೆ ಉತ್ತರಿಸುವಾಗ, ಯಾರಿಗೂ ತಿಳಿಯದ ಹಳ್ಳಿಯ ಬದಲು ಹತ್ತಿರದ ಪಟ್ಟಣದ ಹೆಸರು ಹೇಳುವುದು ಸಹಜ. ಎರಡು ಹೇಳಿಕೆಗಳಲ್ಲಿ ಒಂದು ಹಳ್ಳಿ, ಇನ್ನೊಂದು ಪಟ್ಟಣವಾಗಿದ್ದರೆ ಹಳ್ಳಿಯನ್ನೇ ಹೆಚ್ಚು ನಂಬಬೇಕು. ದಾರಿಯೂ ಹೊಂದುತ್ತದೆ: 1816ರಲ್ಲಿ ಪೂರ್ಣಗೊಂಡ ಲೀಡ್ಸ್–ಲಿವರ್‌ಪೂಲ್ ಕಾಲುವೆ ಸ್ಕಿಪ್ಟನ್‌ನಿಂದ ಬರ್ನ್‌ಲಿಗೇ ಬರುತ್ತದೆ, ಹತ್ತಿ ಗಿರಣಿಗಳ ಕೆಲಸಕ್ಕೆ ಜನ ಹರಿದು ಬಂದದ್ದೂ ಅದೇ ದಿಕ್ಕಿನಿಂದ.

ಜನಗಣತಿಯ ವಯಸ್ಸುಗಳು ನಿಮ್ಮನ್ನು ಕಾಡಬೇಕಾಗಿಲ್ಲ. 1841ರಲ್ಲಿ 15 ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯುವಂತೆ ಸೂಚನೆಯಿತ್ತು. ಅಲ್ಲಿನ 30 ಎಂದರೆ 30ರಿಂದ 34ರವರೆಗೆ ಯಾವುದೂ ಆಗಬಹುದು. 1861ರಲ್ಲಿ ಒಂದು ವರ್ಷ ಕಡಿಮೆಯಾಗಿರುವುದು ಲೆಕ್ಕಕ್ಕೇ ಇಲ್ಲ. 1809ರಿಂದ 1812ರವರೆಗೆ ಹುಡುಕಿದರೆ ಸಾಕು.

ನಿಮ್ಮ ಪತ್ರದ ಜೊತೆಗಿದ್ದ 1851ರ ಪುಟದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಮೇರಿ ಅಲ್ಲ. ಮಕ್ಕಳ ಹೆಸರುಗಳ ಕೆಳಗೆ, ಕೊನೆಯ ಸಾಲಿನಲ್ಲಿ, ಬೇರೆ ಮನೆತನದ ಹೆಸರಿನ 19 ವರ್ಷದ ಅವಿವಾಹಿತ ಹುಡುಗಿಯೊಬ್ಬಳಿದ್ದಾಳೆ. ಸಂಬಂಧದ ಅಂಕಣದಲ್ಲಿ ಬಾಡಿಗೆಗಿರುವವಳು ಎಂದಿದೆ, ಕಸುಬು ಯಂತ್ರಮಗ್ಗದ ನೇಯ್ಗೆ, ಹುಟ್ಟಿದ್ದು ಯಾರ್ಕ್‌ಶೈರ್‌ನ ಥಾರ್ನ್‌ಟನ್. ನಿಮ್ಮ ಟಿಪ್ಪಣಿಯಲ್ಲಿ ಈಕೆಯನ್ನು ‘ಹೊರಗಿನವಳು’ ಎಂದು ಬರೆದು ಬಿಟ್ಟಿದ್ದೀರಿ. ಗೃಹಿಣಿಯ ಊರಿನವಳೇ ಆದ ಎಳೆಯ ಹುಡುಗಿ ಗಿರಣಿ ಕೆಲಸಕ್ಕೆಂದು ಬಂದು ಇದೇ ಮನೆಯಲ್ಲಿ ಉಳಿದುಕೊಂಡಿರುವುದು ಆಕಸ್ಮಿಕವಾಗಿರಲೂಬಹುದು. ಆದರೆ ಮೇರಿಯ ಅಣ್ಣನ ಮಗಳೋ ಅಕ್ಕನ ಮಗಳೋ ಆಗಿರುವ ಸಾಧ್ಯತೆಯನ್ನು ಪರೀಕ್ಷಿಸದೆ ಬಿಡುವಂತಿಲ್ಲ. ಬಾಡಿಗೆ ಕೊಡುತ್ತಿದ್ದ ನೆಂಟರನ್ನು ಗಣತಿಯವರು ಬಾಡಿಗೆದಾರರೆಂದೇ ಬರೆದುಕೊಂಡ ಉದಾಹರಣೆಗಳು ಬೇಕಾದಷ್ಟಿವೆ.

ಈ ಹುಡುಗಿಯನ್ನು ಬೆನ್ನಟ್ಟುವುದು ಮೇರಿಯನ್ನು ಬೆನ್ನಟ್ಟುವುದಕ್ಕಿಂತ ಸುಲಭ. ಆಕೆ ಮದುವೆಯಾಗಿದ್ದರೆ ಅದು 1837ರ ನಂತರದ ಮದುವೆ, ಆದ್ದರಿಂದ ದಾಖಲೆಯಲ್ಲಿ ಆಕೆಯ ತಂದೆಯ ಹೆಸರೂ ಕಸುಬೂ ಇರುತ್ತವೆ. 1841ರ ಜನಗಣತಿಯಲ್ಲಿ ಆಕೆ ಒಂಬತ್ತು ವರ್ಷದ ಮಗುವಾಗಿ ತಂದೆತಾಯಿಯ ಮನೆಯಲ್ಲಿ ಇರಬೇಕು, ಮತ್ತು ಆ ಮನೆ ಯಾವ ಥಾರ್ನ್‌ಟನ್‌ನಲ್ಲಿದೆ ಎಂಬುದೇ ಮೂರು ಊರುಗಳ ಗೊಂದಲವನ್ನು ಬಗೆಹರಿಸಬಹುದು. ಆಕೆಯ ಮನೆತನದ ಹೆಸರು ಮಕ್ಕಳ ಜನನ ದಾಖಲೆಯಲ್ಲಿ ಬರುವ ಮೇರಿಯ ತವರಿನ ಹೆಸರೇ ಆಗಿದ್ದರೆ, ಹುಡುಗಿಯ ತಂದೆ ಮೇರಿಯ ಸಹೋದರನಿರಬಹುದು ಎಂದು ಊಹಿಸಲು ಆಧಾರ ಸಿಕ್ಕಿತು. ಹೆಸರು ಬೇರೆಯಾಗಿದ್ದರೆ ಆಕೆಯ ತಾಯಿಯ ತವರಿನ ಹೆಸರನ್ನು ನೋಡಿ. ಹಾಗೆಯೇ 1868ರ ಮರಣ ಪ್ರಮಾಣಪತ್ರದಲ್ಲಿ ಸಾವಿನ ಸುದ್ದಿ ಕೊಟ್ಟವರು ಯಾರು ಎಂಬ ಅಂಕಣವನ್ನು ಮತ್ತೊಮ್ಮೆ ಓದಿ. ಆ ಕಾಲದಲ್ಲಿ ‘ಸಾವಿನ ವೇಳೆ ಹಾಜರಿದ್ದವರು’ ಎಂದು ಮಾತ್ರ ಬರೆಯುವುದಿತ್ತು, ಸಂಬಂಧವನ್ನು ಹೇಳುತ್ತಿರಲಿಲ್ಲ. ಪರಿಚಯವಿಲ್ಲದ ಹೆಸರಿದ್ದರೆ ಅದು ಮದುವೆಯಾದ ತಂಗಿಯದೂ ಆಗಿರಬಹುದು.

ಮಕ್ಕಳ ನಡು ಹೆಸರುಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ತಾಯಿಯ ಮನೆತನದ ಹೆಸರನ್ನು ಮಗುವಿಗೆ ನಡು ಹೆಸರಾಗಿ ಇಡುವ ರೂಢಿ ಆ ಸೀಮೆಯಲ್ಲಿ ಚೆನ್ನಾಗಿಯೇ ಇತ್ತು. ಮಗನಿಗೆ ಹಾರ್ಟ್ಲಿ ಎಂಬಂಥ ಮನೆತನದ ಹೆಸರು ನಡು ಹೆಸರಾಗಿದ್ದರೆ ಗಮನಿಸಬೇಕು. ಧರ್ಮಬೋಧಕ ವೆಸ್ಲಿ, ನೌಕಾಧಿಪತಿ ನೆಲ್ಸನ್ ಇವರ ಹೆಸರಿದ್ದರೆ ಅದು ಭಕ್ತಿ ಅಥವಾ ಅಭಿಮಾನವಷ್ಟೇ ಇರಬಹುದು. ಎರಡನೇ ಗಂಡುಮಗುವಿಗೆ ತಾಯಿಯ ತಂದೆಯ ಹೆಸರು ಎಂಬ ಕ್ರಮವನ್ನು ಅನೇಕರು ನಿಯಮದಂತೆ ಹೇಳುತ್ತಾರೆ. ಅದು ಸುಳಿವಾಗಬಲ್ಲದೇ ಹೊರತು ಪುರಾವೆಯಾಗದು.

ಮೇರಿಯ ತಂದೆಯ ಉಯಿಲು ಸಿಕ್ಕರೆ ಅದಕ್ಕಿಂತ ದೊಡ್ಡ ಪುರಾವೆ ಇಲ್ಲ. ‘ಬರ್ನ್‌ಲಿಯ ಇಂಥವನ ಹೆಂಡತಿಯಾದ ನನ್ನ ಮಗಳು ಮೇರಿಗೆ’ ಎಂಬ ಒಂದು ವಾಕ್ಯ ಸಾಕು. ಬಡ ನೇಕಾರರ ಬೀಗರು ಉಯಿಲು ಬರೆದಿರಲಾರರೆಂದು ಮೊದಲೇ ತೀರ್ಮಾನಿಸಬೇಡಿ. ಸಣ್ಣ ರೈತರೂ ಕಸುಬುದಾರರೂ ಬರೆಯುತ್ತಿದ್ದರು. ಮದುವೆಯಾದ ಹೆಂಗಸಿನ ಆಸ್ತಿ ಗಂಡನ ವಶಕ್ಕೆ ಹೋಗುತ್ತಿದ್ದ ಕಾರಣ 1882ರ ಕಾಯ್ದೆಗೆ ಮುಂಚೆ ಹೆಂಡತಿಯರ ಉಯಿಲುಗಳು ವಿರಳ. ಆದರೆ ಮದುವೆಯಾಗದೆ ಉಳಿದ ಅತ್ತೆ ಅಥವಾ ಚಿಕ್ಕಮ್ಮನ ಉಯಿಲು, ಅದು ಇದ್ದರೆ, ಬಂಗಾರದಂಥದ್ದು, ಏಕೆಂದರೆ ಅಂಥವರು ಸೋದರ ಸೊಸೆಯರನ್ನೂ ಅಕ್ಕತಂಗಿಯರ ಹೆಣ್ಣುಮಕ್ಕಳನ್ನೂ, ಅವರ ಗಂಡಂದಿರ ಹೆಸರು ಸಹಿತ, ಒಬ್ಬೊಬ್ಬರಾಗಿ ಹೆಸರಿಸಿ ಬಟ್ಟೆ, ಹಾಸಿಗೆ, ಪಾತ್ರೆ ಹಂಚಿರುತ್ತಾರೆ. 1858ರ ಜನವರಿಗೆ ಮುಂಚೆ ಉಯಿಲುಗಳು ಚರ್ಚಿನ ನ್ಯಾಯಾಲಯಗಳಲ್ಲಿ ದೃಢೀಕರಣವಾಗುತ್ತಿದ್ದವು. ಯಾರ್ಕ್‌ನ ನ್ಯಾಯಾಲಯಗಳವು ಈಗ ಯಾರ್ಕ್ ವಿಶ್ವವಿದ್ಯಾಲಯದ ಬಾರ್ತ್‌ವಿಕ್ ಸಂಸ್ಥೆಯಲ್ಲಿವೆ.

ಇಷ್ಟರ ನಂತರ ದೀಕ್ಷಾಸ್ನಾನದ ಪುಸ್ತಕ. ತಡವಾಗಿ ಬಂದರೂ ಇಲ್ಲಿ ನಿಮಗೊಂದು ಬಹುಮಾನ ಕಾದಿರಬಹುದು. ಯಾರ್ಕ್ ಧರ್ಮಪ್ರಾಂತ್ಯದ ಹಲವು ಪ್ಯಾರಿಷ್‌ಗಳಲ್ಲಿ, ವಿಲಿಯಂ ಡೇಡ್ ಎಂಬ ಪಾದ್ರಿ ರೂಪಿಸಿದ ಪದ್ಧತಿಯಂತೆ, 1770ರ ದಶಕದಿಂದ 1812ರ ಕೊನೆಯವರೆಗೆ ಬಹಳ ವಿವರವಾದ ದಾಖಲೆಗಳನ್ನಿಟ್ಟರು: ಮಗು ಎಷ್ಟನೆಯದು, ತಾಯಿಯ ತವರಿನ ಹೆಸರು, ಎರಡೂ ಕಡೆಯ ಅಜ್ಜ ಅಜ್ಜಿಯರು ಯಾರು, ಅವರ ಊರು ಕಸುಬು ಏನು ಎಂಬುದೆಲ್ಲ ಒಂದೇ ನಮೂದಿನಲ್ಲಿ. ಎಲ್ಲ ಪಾದ್ರಿಗಳೂ ಅದನ್ನು ಪಾಲಿಸಲಿಲ್ಲ, ಪಾಲಿಸಿದವರೂ ಕೊನೆಯವರೆಗೆ ಪಾಲಿಸಲಿಲ್ಲ. ಆದರೂ ಮೇರಿ ಹುಟ್ಟಿದ ವರ್ಷ ಆ ಅವಧಿಯೊಳಗೇ ಬರುವುದರಿಂದ, ನಕಲು ಸೂಚಿಯನ್ನು ನಂಬಿ ಕೂರದೆ ಮೂಲ ಪುಟದ ಚಿತ್ರವನ್ನೇ ನೋಡಿ. ಸೂಚಿ ತಯಾರಿಸಿದವರು ಮಗು ಮತ್ತು ತಂದೆತಾಯಿಯ ಹೆಸರನ್ನಷ್ಟೇ ಎತ್ತಿಕೊಂಡು ಉಳಿದದ್ದನ್ನು ಬಿಟ್ಟಿರಬಹುದು.

ಸರಿಹೊಂದುವ ಮೇರಿ ಸಿಕ್ಕಿದಳೆನ್ನಿ. ಆಗ ಆಕೆಯನ್ನು ತಳ್ಳಿಹಾಕಲು ನೀವೇ ಪ್ರಯತ್ನಿಸಬೇಕು. ಆ ಮಗು ಚಿಕ್ಕಂದಿನಲ್ಲೇ ತೀರಿಕೊಂಡಿತೆ ಎಂದು ಸಮಾಧಿ ಪುಸ್ತಕದಲ್ಲಿ ನೋಡಿ. ಅದೇ ಮೇರಿ ಬೇರೊಬ್ಬನನ್ನು ಮದುವೆಯಾಗಿ ಅದೇ ಊರಿನಲ್ಲಿ ಉಳಿದಳೆ, ಅಥವಾ 1851ರಲ್ಲಿ ಅವಿವಾಹಿತೆಯಾಗಿ ತಂದೆಯ ಮನೆಯಲ್ಲೇ ಇದ್ದಾಳೆಯೆ ಎಂದು ವಿಚಾರಿಸಿ. ಸುತ್ತಲಿನ ಪ್ಯಾರಿಷ್‌ಗಳಲ್ಲಿ ಅದೇ ಹೆಸರಿನ ಇನ್ನೊಂದು ಮಗು ಇದೆಯೆ ಎಂಬುದನ್ನೂ ನೋಡಿ. ಬ್ರಾಡ್‌ಫರ್ಡ್ ಬಳಿಯ ಥಾರ್ನ್‌ಟನ್‌ನ ಆ ಮೇರಿಯನ್ನೂ ಇದೇ ಪರೀಕ್ಷೆಗೆ ಒಡ್ಡಿ. ಆಕೆ ಅಲ್ಲಿಯೇ ಮದುವೆಯಾಗಿ ಮಕ್ಕಳನ್ನು ಹೆತ್ತದ್ದು ಕಂಡುಬಂದರೆ, ಆ ವಂಶವೃಕ್ಷದ ಕಥೆ ಮುಗಿಯಿತು.

ಕೊನೆಯದಾಗಿ ಡಿಎನ್‌ಎ. ಸೊಸೆಯ ಬದಲು ಆ ಕಡೆಯ ಅತ್ಯಂತ ಹಿರಿಯರನ್ನು, ಆಕೆಯ ಅಜ್ಜನೋ ಅಜ್ಜಿಯೋ ಬದುಕಿದ್ದರೆ ಅವರನ್ನು, ಪರೀಕ್ಷೆಗೆ ಒಪ್ಪಿಸುವುದು ಮೇಲು. ಮುತ್ತಜ್ಜಿಯ ತಾಯಿಯಿಂದ ನಮಗೆ ಬರುವ ಪಾಲು ಸರಾಸರಿ ಹದಿನಾರನೇ ಒಂದು. ಮುಂದಿನ ಪ್ರತಿ ತಲೆಮಾರಿಗೂ ಅದು ಅರ್ಧವಾಗುತ್ತ ಹೋಗುತ್ತದೆ. ತಾಯಿಯಿಂದ ಮಗಳಿಗೆ ಸಾಗುವ ಮೈಟೊಕಾಂಡ್ರಿಯಾದ ಡಿಎನ್‌ಎ, ಮೇರಿಯಿಂದ ಪರೀಕ್ಷೆ ಮಾಡಿಸುವವರವರೆಗೆ ನಡುವೆ ಒಬ್ಬ ಗಂಡಸೂ ಇಲ್ಲದ ಸರಣಿಯಿದ್ದರೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಸಾಮಾನ್ಯ ಪರೀಕ್ಷೆಯಲ್ಲಿ ಸಿಗುವ ದೂರದ ದಾಯಾದಿಗಳ ಪೈಕಿ, ಗಂಡನ ಮನೆತನಕ್ಕೆ ಸಂಬಂಧವಿಲ್ಲದೆ ಸ್ಕಿಪ್ಟನ್ ಸೀಮೆಯ ಒಂದೇ ಕುಟುಂಬದಿಂದ ಇಳಿದುಬಂದವರು ಹಲವರಿದ್ದರೆ ಅದಕ್ಕೆ ಬೆಲೆಯಿದೆ. ಆದರೆ ಜನನ ದಾಖಲೆಗಳಿಂದ ಮನೆತನದ ಹೆಸರು ಕೈಗೆ ಬರುವವರೆಗೆ ಆ ಪಟ್ಟಿಯಲ್ಲಿ ಯಾರನ್ನು ಹುಡುಕಬೇಕೆಂದೇ ನಿಮಗೆ ತಿಳಿಯುವುದಿಲ್ಲ. ಅದಕ್ಕಾಗಿ ಇದನ್ನು ಕೊನೆಗಿಟ್ಟಿದ್ದೇನೆ. ಅಲ್ಲಿಯವರೆಗೆ ವಂಶಾವಳಿಯಲ್ಲಿ ‘ಮೇರಿ, ಜನನ ಸುಮಾರು 1811, ಪ್ರಾಯಶಃ ಥಾರ್ನ್‌ಟನ್-ಇನ್-ಕ್ರೇವನ್’ ಎಂದು ಬರೆದು, ತಂದೆತಾಯಿಯ ಜಾಗವನ್ನು ಖಾಲಿ ಬಿಡಿ.